ಭೂತದ ಮೂಗೂ ಮೂಗೇ

ಮಾನ್ಯರೇ,

ಮಡಿಕೇರಿಯಲ್ಲಿ ನನ್ನದೊಂದು ಚಿಕ್ಕ ವೆಲ್ಡಿಂಗ್ ಅಂಗಡಿ ಇದೆ. ಗೇಟು, ಗ್ರಿಲ್, ಮನೆ ಮುಂದಕ್ಕೆ ಶೀಟಿನ ಮಾಡು, ವರ್ಷವಿಡೀ ಇದೇ ಕೆಲಸ. ದಸರಾ ಹತ್ತಿರ ಬಂದಾಗ ಮಾತ್ರ ಶಟರ್ ಅರ್ಧ ಎಳೆದು, ದಶಮಿ ರಾತ್ರಿ ದೇವರ ಕಥೆ ತೋರಿಸುತ್ತಾ ಟ್ರ್ಯಾಕ್ಟರ್ ಮೇಲೆ ಮೆರವಣಿಗೆ ಹೋಗುವ ಮಂಟಪದ ಕೆಲಸಕ್ಕೆ ಹೋಗುತ್ತೇನೆ. ಹತ್ತು ಮಂಟಪಗಳಲ್ಲಿ ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಒಂಬತ್ತು ಕಡೆಯವರು ಗೇಟು ಮಾಡಿಸಲು ಬರುವುದಿಲ್ಲ. ರಾಕ್ಷಸನ ಕತ್ತು ತಿರುಗಬೇಕು, ದೇವಿಯ ಕೈ ಏಳಬೇಕು, ತಲೆ ತುಂಡಾಗಿ ಬೀಳಬೇಕು. ಮುಂದಿನ ಸರ್ಕಲ್ ತಲುಪುವಷ್ಟರಲ್ಲಿ ಅದೇ ತಲೆ ಅದೇ ಕತ್ತಿನ ಮೇಲೆ ಮತ್ತೆ ಕೂರಬೇಕು. ನಮ್ಮಲ್ಲಿ ಇದಕ್ಕೆ ಚಲನವಲನ ಅಂತಾರೆ. 22 ವರ್ಷದಿಂದ ಇದನ್ನು ಮಾಡುತ್ತಿದ್ದೇನೆ.

ಇದನ್ನು ಯಾಕೆ ಹೇಳಿದೆ ಎಂದರೆ, ಕೆಲವು ದಿನಗಳ ಹಿಂದೆ ಇದೇ ಅಂಕಣದಲ್ಲಿ ಒಬ್ಬ ಓದುಗರು, ಭೂತದ ವೇಷ ಹಾಕುವ ಹೊರದೇಶದ ಹ್ಯಾಲೋವೀನ್ ನಮ್ಮ ಹಬ್ಬವಲ್ಲ, ಪಾರ್ಕಿನವರು ದುಡ್ಡಿಗಾಗಿ ಭೂತ ಕುಣಿಸುತ್ತಾರೆ ಎಂದು ಬರೆದಿದ್ದರು. ಅವರ ಮಾತಿಗೆ ನನ್ನ ತಕರಾರಿಲ್ಲ. ಬೇಡದವರು ಹೋಗದಿದ್ದರಾಯಿತು. ನನ್ನ ದೂರು ಹೋಗುವವರ ಮೇಲೆ, ಮತ್ತೆ ನಡೆಸುವವರ ಮೇಲೆ.

ನನ್ನ ಅಕ್ಕನ ಮಗ ಮೈಸೂರಿನಲ್ಲಿ ಓದುತ್ತಾನೆ. ಕಳೆದ ಅಕ್ಟೋಬರ್‌ನಲ್ಲಿ ಜಿಲ್ಲೆಯ ಆಚೆಗಿನ ಒಂದು ಪಾರ್ಕ್‌ನಲ್ಲಿ ಭೂತದ ಕೆಲಸಕ್ಕೆ ಸೇರಿದ. ಸಂಜೆ ಮುಖಕ್ಕೆ ಬಣ್ಣ, ಮೈಗೆ ಹರಿದ ಬಟ್ಟೆ, ಕತ್ತಲ ಮನೆಯ ಗೋಡೆಯ ಸಂದಿನಲ್ಲಿ ನಿಲ್ಲುವುದು, ಜನ ಹತ್ತಿರ ಬಂದಾಗ ಹಾರುವುದು. ದಿನಕ್ಕೆ 700 ರೂಪಾಯಿ, ಒಂದು ಊಟ. ಹೋಗುವಾಗ ಖುಷಿಯಾಗಿಯೇ ಹೋಗಿದ್ದ. ಐದನೇ ರಾತ್ರಿ ಒಬ್ಬ ಹುಡುಗ ಹೆದರಿದ ನೆಪದಲ್ಲಿ ಮೂಗಿಗೇ ಗುದ್ದಿದ. ರಕ್ತ ಸುರಿದಾಗ ಗೆಳೆಯರೆಲ್ಲ ಚಪ್ಪಾಳೆ ತಟ್ಟಿದರಂತೆ. ಅದೂ ಮೇಕಪ್ ಎಂದುಕೊಂಡರು! ಗುದ್ದಿದವನು "ಸಾರಿ ಬ್ರೋ" ಎಂದು ಮುಂದೆ ಹೋದ. ಇನ್‌ಚಾರ್ಜ್‌ಗೆ ಹೇಳಿದರೆ, "ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ, ಹತ್ತಿ ಇಟ್ಕೋ" ಎಂದರು. ಅವನು ಹತ್ತಿ ಇಟ್ಟುಕೊಂಡು ಮತ್ತೆ ಸಂದಿನಲ್ಲಿ ನಿಂತ. ಊರಿಗೆ ಬಂದಾಗ ಮೂಗು ಇನ್ನೂ ಸ್ವಲ್ಪ ಎಡಕ್ಕೆ ವಾಲಿತ್ತು. ಅಕ್ಕ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಹುತ್ತರಿಗೆ ನಮ್ಮ ಪಕ್ಕದ ಮನೆಯ ಹುಡುಗಿಯೂ ಬಂದಿದ್ದಳು. ಅಮೆರಿಕದ ಫ್ಲೋರಿಡಾದಲ್ಲಿ ಕೆಲಸ. ಅವಳಿಗೆ ಈ ಭೂತದ ಮನೆಗಳ ಹುಚ್ಚು ಎಂದು ನನಗೆ ಗೊತ್ತೇ ಇರಲಿಲ್ಲ. ಕದಿರು ತೆಗೆದ ಮಾರನೇ ದಿನ ನಮ್ಮ ಜಗಲಿಯಲ್ಲಿ ಗೆಣಸು ತಿನ್ನುತ್ತಾ ಇವರಿಬ್ಬರೂ ಮಾತಿಗೆ ಕೂತರು. ಒಬ್ಬಳು ನೋಡುವವಳು, ಒಬ್ಬ ಹೆದರಿಸುವವನು. ನಾನು ಸುಮ್ನೆ ಕೇಳುತ್ತಾ ಕೂತೆ. ರಾತ್ರಿ ಹನ್ನೊಂದಾದರೂ ಏಳಲಿಲ್ಲ.

ಅವಳು ಹೇಳಿದ್ದಿಷ್ಟು. ಫ್ಲೋರಿಡಾದ ಒರ್ಲಾಂಡೊದ ಯೂನಿವರ್ಸಲ್ ಪಾರ್ಕ್‌ನಲ್ಲಿ ಈ ಭೂತದ ಆಟ 1991ರಲ್ಲಿ ಶುರುವಾದಾಗ ಇದ್ದದ್ದು ಬರೀ ಮೂರು ರಾತ್ರಿ, ಒಂದೇ ಭೂತದ ಮನೆ. ಮಾರನೇ ವರ್ಷ ಹ್ಯಾಲೋವೀನ್ ಹಾರರ್ ನೈಟ್ಸ್ ಎಂದು ಹೆಸರಿಟ್ಟರು. ಹ್ಯಾಲೋವೀನ್ ಇರುವುದು ಅಕ್ಟೋಬರ್ 31ಕ್ಕೆ. ಇವರದ್ದು ಈಗ ಆಗಸ್ಟ್ ಕೊನೆಗೇ ಶುರು. ಇತ್ತೀಚಿನ ವರ್ಷಗಳಲ್ಲಿ ಮನೆಗಳ ಸಂಖ್ಯೆ ಹತ್ತು. ಹತ್ತು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಯಾವ ಮನೆ ಫಸ್ಟ್, ಯಾವುದು ಸೆಕೆಂಡ್ ಎಂದು ಅಲ್ಲಿನ ಅಭಿಮಾನಿಗಳು ವರ್ಷವಿಡೀ ಜಗಳ ಆಡುತ್ತಾರಂತೆ. ದಶಮಿ ಮುಗಿದು ತಿಂಗಳಾದರೂ ಮಂಟಪದ ಬಹುಮಾನದ ಬಗ್ಗೆ ಟೀ ಅಂಗಡಿಯಲ್ಲಿ ಮುನಿಸಿಕೊಳ್ಳುವ ನಮಗೆ ಇದು ಹೊಸದಲ್ಲ, ಅಲ್ವಾ? ಅವಳು ಒಂದೇ ಮನೆಗೆ ಆರು ಸಲ ಹೋಗಿದ್ದಾಳೆ. ಭೂತ ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದೂ ಹೋಗುತ್ತಾಳೆ. ಮುಖವಾಡದ ಹಿಂದೆ ಇಂದು ಯಾರಿದ್ದಾರೆ ಎಂಬುದು ಅವಳಿಗೆ ಭುಜ ಅಲ್ಲಾಡುವ ರೀತಿಯಲ್ಲೇ ತಿಳಿಯುತ್ತದೆ. ಇದನ್ನು ನಾನು ನಂಬುತ್ತೇನೆ. ರಾಕ್ಷಸನ ಮೊಣಕೈ ಮಡಚುವುದನ್ನು ನೋಡಿದರೆ ಅದು ಯಾರ ಕೆಲಸ ಎಂದು ನಾನೂ ಹೇಳಬಲ್ಲೆ.

ಕ್ಯಾಲಿಫೋರ್ನಿಯಾದಲ್ಲಿ ನಾಟ್ಸ್ ಬೆರಿ ಫಾರ್ಮ್ ಎಂಬ ಪಾರ್ಕ್ ಇದೆ. ಅಲ್ಲಿ 1973ರಿಂದ ಇದನ್ನು ನಡೆಸುತ್ತಿದ್ದಾರೆ. ಅಲ್ಲಿನ ಕೆಲವು ಭೂತಗಳು ಮೊಣಕಾಲಿಗೆ ಪ್ಯಾಡ್ ಕಟ್ಟಿ, ಕೈಗೂ ಬೂಟಿಗೂ ಲೋಹ ಹಾಕಿಕೊಂಡು ಓಡಿ ಬಂದು ನೆಲದ ಮೇಲೆ ಜಾರುತ್ತವೆ. ಹೊಗೆಯೊಳಗಿಂದ ಕಿಡಿ ಹಾರಿಸುತ್ತಾ ಕಾಲ ಬುಡಕ್ಕೇ ಬರುತ್ತವೆ. ಅವಳು ಮೊಬೈಲ್‌ನಲ್ಲಿ ತೋರಿಸಿದಾಗ ನಾನು ಭೂತವನ್ನು ನೋಡಲೇ ಇಲ್ಲ. ಕಿಡಿಯನ್ನು ನೋಡಿದೆ. ಯಾವ ದಪ್ಪದ ತಗಡು ಹಾಕಿರಬಹುದು ಎಂದು ಯೋಚನೆ ಬಂತು. ಕಸುಬಿನ ರೋಗ.

ಹುಡುಗ ಹೇಳಿದ್ದು ಇನ್ನೊಂದು ಥರ. ಜನಕ್ಕೆ ಕಾಣುವುದು ಒಂದು ಸೆಕೆಂಡಿನ ಕೂಗು. ಅವನಿಗೆ ಅದು ಒಂದು ರಾತ್ರಿಗೆ ಸಾವಿರ ಸಲ. ಅವನು ನಿಲ್ಲುವ ಸಂದಿಗೆ ಬೂ ಹೋಲ್ ಎನ್ನುತ್ತಾರೆ. ಅಲ್ಲಿ ಫ್ಯಾನ್ ಇಲ್ಲ, ಹೊಗೆ ಮೆಷಿನ್ ಪಕ್ಕದಲ್ಲೇ ಇದೆ. ಯಾವಾಗಲೂ ಜನರ ಹಿಂದಿನಿಂದ ಅಥವಾ ಪಕ್ಕದಿಂದ ಬರಬೇಕು, ಅವರು ಮುಂದಕ್ಕೆ ಓಡುವ ಹಾಗೆ ಹೆದರಿಸಬೇಕು. ಎದುರಿನಿಂದ ಹಾರಿದರೆ ಹಿಂದಕ್ಕೆ ಓಡಿ, ಹಿಂದಿನವರ ಮೇಲೆ ಬಿದ್ದು, ಸಾಲು ನಿಂತುಬಿಡುತ್ತದೆ. ಯಾರನ್ನೂ ಮುಟ್ಟಬಾರದು, ಇದು ಮೊದಲ ದಿನವೇ ಹೇಳಿದ ನಿಯಮ. ಚಿಕ್ಕ ಮಗು ಕಂಡರೆ ಅವನು ಹಿಂದೆ ಸರಿದು ನಿಲ್ಲುತ್ತಿದ್ದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಗರಗಸ ಹಿಡಿದವನ ಗರಗಸದಲ್ಲಿ ಚೈನ್ ಇರಲಿಲ್ಲ, ಬರೀ ಸದ್ದು ಮತ್ತು ಪೆಟ್ರೋಲ್ ವಾಸನೆ. ಇಷ್ಟೆಲ್ಲ ನಿಯಮ ಭೂತಕ್ಕೆ. ಟಿಕೆಟ್ ತೆಗೆದುಕೊಂಡವನಿಗೆ ಯಾವ ನಿಯಮವೂ ಇರಲಿಲ್ಲ. ಕಣ್ಣಿಗೇ ಮೊಬೈಲ್ ಟಾರ್ಚ್ ಬಿಡುವುದು, ಕೂದಲು ಎಳೆಯುವುದು, ವಿಡಿಯೋ ಮಾಡಲು "ಇನ್ನೊಂದ್ಸಲ ಹಾರು ಗುರೂ" ಎನ್ನುವುದು. ಹುಡುಗಿಯರು ದೆವ್ವದ ವೇಷ ಹಾಕಿದ್ದರೆ ಕತ್ತಲಲ್ಲಿ ಕೈ ಎಲ್ಲೆಲ್ಲೋ ಹೋಗುತ್ತದಂತೆ. ಅದನ್ನು ಹೇಳುವಾಗ ಅವನು ತಲೆ ತಗ್ಗಿಸಿದ.

ಪಕ್ಕದ ಮನೆಯ ಹುಡುಗಿ ಕೇಳಿದಳು: ನಿಮಗೆ ಬ್ರೇಕ್ ಎಷ್ಟು ಹೊತ್ತಿಗೆ? ಅಲ್ಲಿ ಒಂದೇ ಪಾತ್ರಕ್ಕೆ ಇಬ್ಬರು ಮೂವರು ಇರುತ್ತಾರೆ, ಸ್ವಲ್ಪ ಹೊತ್ತು ಒಬ್ಬರು, ಆಮೇಲೆ ಇನ್ನೊಬ್ಬರು ಎಂದಳು. ಹುಡುಗ ನಕ್ಕ. "ನಂಗೆ ಊಟದ ಹೊತ್ತೇ ಬ್ರೇಕ್."

ನಮ್ಮ ಕಡೆ ತೆರೆ, ಅಂದರೆ ದೈವದ ವೇಷ, ಕಟ್ಟುವವರನ್ನು ನೋಡಿದ್ದೇವೆ. ಬಣ್ಣ ಹಚ್ಚಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ಯಾರೂ ಹತ್ತಿರ ಹೋಗಿ ಹುಡುಗಾಟ ಆಡುವುದಿಲ್ಲ. ಅದು ದೈವದ ಕೆಲಸ, ಇದು 700 ರೂಪಾಯಿಯ ಕೆಲಸ, ಒಪ್ಪಿದೆ. ಆದರೆ ಬಣ್ಣದ ಕೆಳಗೆ ಬೆವರುವ ಚರ್ಮ ಒಂದೇ ಥರದ್ದು ತಾನೇ?

ಈಗ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ನಿಜವಾದ ಕಾರಣ ಹೋದ ವಾರ ಅಂಗಡಿಗೆ ಬಂದ ಒಬ್ಬರು. ರೆಸಾರ್ಟ್ ಇಟ್ಟಿದ್ದಾರೆ. ಮುಂದಿನ ಅಕ್ಟೋಬರ್‌ಗೆ ಮೂರು ದಿನ ಭೂತ ಬಂಗಲೆ ಮಾಡಬೇಕು, ತಮ್ಮ ಹಳೇ ಕಾಫಿ ಗೋದಾಮೇ ಸಾಕು ಎಂದರು. ಹೋಗಿ ನೋಡಿದೆ. ಒಂದೇ ಬಾಗಿಲು, ಕಿಟಕಿಗೆ ಕಂಬಿ. ಒಳಗೆ ಪ್ಲೈವುಡ್ ಗೋಡೆ, ಗೋಣಿ ಪರದೆ, ಥರ್ಮಾಕೋಲ್ ತಲೆಬುರುಡೆ, ಎಲ್ಲ ಅವರ ಪ್ಲಾನ್‌ನಲ್ಲಿತ್ತು. ಹೊಗೆ, ಮಿಣುಕು ಲೈಟು, ಜನರೇಟರ್‌ನಿಂದ ಎಳೆದ ವಯರು. ಎರಡನೇ ಬಾಗಿಲು ಕೊರೆದು ಹೊರಕ್ಕೆ ತೆರೆಯುವ ಹಾಗೆ ಕೂರಿಸೋಣ ಎಂದೆ. "ಮೂರು ದಿನಕ್ಕೆ ಅಷ್ಟು ಖರ್ಚು ಯಾಕೆ?" ಎಂದರು.

1984ರ ಮೇ 11ರಂದು ಅಮೆರಿಕದ ನ್ಯೂಜೆರ್ಸಿಯ ಒಂದು ಪಾರ್ಕ್‌ನಲ್ಲಿ ಭೂತದ ಕೋಟೆಗೆ ಬೆಂಕಿ ಬಿತ್ತು. ಲಾರಿಗೆ ಕಟ್ಟಿ ಎಳೆಯುವ ಟ್ರೇಲರ್‌ಗಳನ್ನು ಜೋಡಿಸಿ ಮಾಡಿದ್ದ ಕೋಟೆ ಅದು. ಒಳಗೆ ಗೋಡೆಗೆ ಫೋಮ್ ಹಾಕಿದ್ದರು, ನೀರು ಚಿಮ್ಮಿಸುವ ಪೈಪ್ ಇರಲಿಲ್ಲ. ಎಂಟು ಮಕ್ಕಳು ಸತ್ತರು, ಎಲ್ಲರೂ ಹದಿಹರೆಯದವರು. ಆಮೇಲೆ ಅಲ್ಲಿ ಇಂಥ ಮನೆಗಳಿಗೆ ಕಟ್ಟುನಿಟ್ಟಿನ ನಿಯಮ ಬಂತು. ಮಂಟಪದಲ್ಲಿ ಜನರೇಟರ್, ವಯರು, ಬಣ್ಣ, ಬೆಂಕಿ ಎಲ್ಲ ಒಟ್ಟಿಗೆ ಇಟ್ಟುಕೊಂಡು ರಾತ್ರಿ ಕಳೆದ ನನಗೆ ಇದನ್ನು ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ನಮ್ಮ ಮಂಟಪ ಹೋಗುವುದಾದರೂ ಬಯಲಲ್ಲಿ. ಹಾರಿ ಇಳಿದರೆ ರಸ್ತೆ. ಗೋದಾಮಿನಲ್ಲಿ ಎಲ್ಲಿಗೆ ಹಾರುವುದು? ಬೆಂಕಿ ಎಂದು ಒಬ್ಬ ಕೂಗಿದರೆ ಅದೂ ಆಟ ಎಂದುಕೊಂಡು ಉಳಿದವರು ನಗುತ್ತಾರೆ. ನಮ್ಮ ಹುಡುಗನ ಮೂಗಿನ ರಕ್ತಕ್ಕೆ ಚಪ್ಪಾಳೆ ಬಿದ್ದ ಹಾಗೆ.

ಬಾಗಿಲು ಕೊರೆಯುವುದಾದರೆ ಮಾತ್ರ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಅವರಿನ್ನೂ ಫೋನ್ ಮಾಡಿಲ್ಲ. ಬೇರೆ ವೆಲ್ಡರ್ ಸಿಕ್ಕಿರಬಹುದು. ಅದಕ್ಕೇ ಈ ಪತ್ರ. ಇಂಥದ್ದಕ್ಕೆ ಅನುಮತಿ ಕೊಡುವವರು ಒಮ್ಮೆ ಲೈಟ್ ಹಾಕಿಸಿ ಒಳಗೆ ನಡೆದು ನೋಡಲಿ. ಎರಡು ಬಾಗಿಲು, ಬೆಂಕಿ ಆರಿಸುವ ಸಿಲಿಂಡರ್, ಎಲ್ಲ ಲೈಟ್ ಒಟ್ಟಿಗೆ ಹೊತ್ತಿಸುವ ಒಂದು ಸ್ವಿಚ್ ಇದೆಯೇ ಎಂದು ಕೇಳಲಿ. ಭೂತದ ಮೇಲೆ ಕೈ ಮಾಡಿದವರನ್ನು ಹೊರಗೆ ಕಳಿಸಲಾಗುವುದು ಎಂದು ಟಿಕೆಟ್ ಮೇಲೇ ಅಚ್ಚು ಹಾಕಿಸಲಿ. ಹೆದರಬೇಕು ಅಷ್ಟೇ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲಿ ಟಿಕೆಟ್ಟೂ ಬೇಕಾಗಿಲ್ಲ. ಸಂಜೆ ಆರರ ಮೇಲೆ ಆನೆ ಓಡಾಡುವ ತೋಟದ ದಾರಿಯಲ್ಲಿ ಒಂದು ಫರ್ಲಾಂಗ್ ನಡೆದರೆ ಸಾಕು.

ಅಕ್ಕ ಎಷ್ಟು ಬೈದರೂ ಹುಡುಗ ಮುಂದಿನ ವರ್ಷವೂ ಹೋಗುತ್ತಾನಂತೆ. "ಮಾವ, ಆ ಒಂದು ಸೆಕೆಂಡ್ ಇದೆಯಲ್ಲ, ಅದರ ಮಜಾ ನಿಮಗೆ ಗೊತ್ತು" ಎಂದ. ಗೊತ್ತು. ರಾಕ್ಷಸನ ತಲೆ ಬಿದ್ದಾಗ ಜನ ಹೋ ಎನ್ನುವುದನ್ನು ಟ್ರ್ಯಾಕ್ಟರ್ ಕೆಳಗೆ ಮಲಗಿ ಕೇಳಿದವನು ನಾನು. ಸಂದಿನ ಮುಂದೆ ಅಡ್ಡ ಇಡಲು ಸೊಂಟದ ಮಟ್ಟಕ್ಕೆ ಪೈಪಿನ ಕಂಬಿ ಮಾಡಿಕೊಡಿ, ಪಾರ್ಕಿನವರನ್ನು ನಾನು ಒಪ್ಪಿಸುತ್ತೇನೆ ಎಂದಿದ್ದಾನೆ. ಅಳತೆ ಬಂದಿದೆ. ಅಗಲ ಎರಡೂವರೆ ಅಡಿ, ಎತ್ತರ ಮೂರಡಿ. ಮೂಲೆಗಳನ್ನು ಚೆನ್ನಾಗಿ ಉಜ್ಜಿ ನುಣ್ಣಗೆ ಮಾಡಬೇಕು. ಕತ್ತಲಲ್ಲಿ ಅದಕ್ಕೆ ಮೊದಲು ತಾಗುವುದು ಅವನ ಮೊಣಕಾಲೇ.

ಇಂತಿ,
ಮಂಟಪದ ಕೆಲಸದ ಒಬ್ಬ ವೆಲ್ಡರ್,
ಮಡಿಕೇರಿ