ಮುಕ್ಕಾಲು ಕಿಲೋಮೀಟರ್ ನೀರು

ಈ ಸಲ ಲೇಖನಗಳೆಲ್ಲ ಸಮಯಕ್ಕೆ ಸರಿಯಾಗಿ ಬಂದಿವೆ. ಹಾಗಾಗಿ "ದಯವಿಟ್ಟು ಬರೆದು ಕಳಿಸಿ" ಎಂದು ಗೋಗರೆಯುವ ಕೆಲಸ ನನಗೆ ತಪ್ಪಿತು. ಉಳಿದ ಜಾಗವನ್ನು ಸ್ವಂತಕ್ಕೆ ಬಳಸಿಕೊಳ್ಳುತ್ತಿದ್ದೇನೆ, ಸಂಪಾದಕರಿಗೆ ಇರುವ ಸವಲತ್ತು ಇದೊಂದೇ. ಹೋದ ತಿಂಗಳು ನಾನೊಂದು ಟ್ರಯತ್ಲಾನ್ ಮುಗಿಸಿದೆ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸಬೇಕಾದ ಪಂದ್ಯ. ಸುದ್ದಿ ಹೇಗೋ ಸಂಘದ ವಾಟ್ಸಾಪ್ ಗುಂಪಿಗೆ ಬಿತ್ತು. ಅವತ್ತಿನಿಂದ ಸಿಕ್ಕವರೆಲ್ಲ ಎರಡೇ ಪ್ರಶ್ನೆ ಕೇಳುತ್ತಿದ್ದಾರೆ. "ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು?" ಅನ್ನುವುದು ಒಂದು. "ನೀರಲ್ಲಿ ಭಯ ಆಗ್ಲಿಲ್ವಾ?" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಎರಡನೆಯದಕ್ಕೆ ಇದೆ, ಆದರೆ ಸ್ವಲ್ಪ ಉದ್ದ.

ಟ್ರಯತ್ಲಾನ್ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಐರನ್‌ಮ್ಯಾನ್. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ 42.2 ಕಿಲೋಮೀಟರ್‌ನ ಪೂರ್ತಿ ಮ್ಯಾರಥಾನ್. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಅದು ಮೊದಲ ಸಲ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಅಂಥದ್ದಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ, ಆಸೆಯೂ ಇಲ್ಲ. ನಾನು ಮಾಡಿದ್ದು ಸ್ಪ್ರಿಂಟ್. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯತ್ಲಾನ್ ಸೇರಿಕೊಂಡಾಗ ಇಟ್ಟ ದೂರದ ಸರಿಯಾಗಿ ಅರ್ಧ. ಇದೂ ಜಾಸ್ತಿ ಅನ್ನಿಸಿದವರಿಗೆ ಸೂಪರ್ ಸ್ಪ್ರಿಂಟ್ ಇದೆ, ಹೆಚ್ಚು ಕಡಿಮೆ ಇದರ ಅರ್ಧ.

ಈ ಆಟ ಹುಟ್ಟಿದ್ದೇ ಚಿಕ್ಕದಾಗಿ. 1974ರ ಸೆಪ್ಟೆಂಬರ್ 25ರಂದು, ವಾರದ ನಡುವಿನ ಒಂದು ಸಂಜೆ, ಅಮೆರಿಕದ ಸ್ಯಾನ್ ಡಿಯೇಗೋದ ಮಿಷನ್ ಬೇ ದಂಡೆಯಲ್ಲಿ ಓಟದ ಕ್ಲಬ್ಬಿನವರು ಒಂದು ಪಂದ್ಯ ಇಟ್ಟರು. ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶ್ಯಾನಹನ್ ಎಂಬ ಇಬ್ಬರು ಹೂಡಿದ ಆಟ ಅದು. ಸೇರಿದವರು 46 ಜನ. ಮುಂದೆ ಹವಾಯಿಯ ಆ ದೈತ್ಯ ಪಂದ್ಯವನ್ನು ಹುಟ್ಟುಹಾಕಿದ ಜಾನ್ ಮತ್ತು ಜೂಡಿ ಕಾಲಿನ್ಸ್ ದಂಪತಿಯೂ ಆ ಗುಂಪಿನಲ್ಲಿದ್ದರು. ಅವತ್ತು ಮೊದಲು ಓಟ, ಆಮೇಲೆ ಸೈಕಲ್, ಕೊನೆಯಲ್ಲಿ ಈಜು. ಈಗ ಕ್ರಮ ತಿರುಗಿದೆ, ಈಜು ಮೊದಲು. ಅದೇ ಸರಿ ಬಿಡಿ. ಸುಸ್ತಾಗಿ ಕೂತರೆ ರಸ್ತೆ ಯಾರನ್ನೂ ಮುಳುಗಿಸುವುದಿಲ್ಲ.

ಈಗ ನೀರಿನ ವಿಷಯ. ಸ್ಪ್ರಿಂಟ್‌ನ ಒಟ್ಟು ದೂರ 25.75 ಕಿಲೋಮೀಟರ್. ಅದರಲ್ಲಿ ಈಜಿನ ಪಾಲು ನೂರಕ್ಕೆ ಮೂರೂ ಬರುವುದಿಲ್ಲ. ಆದರೆ ನನ್ನ ಚಿಂತೆಯಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ನಾನು ಈಜು ಕಲಿತದ್ದು ದೊಡ್ಡವರಾದ ಮೇಲೆ. ಹಾಗೆ ಕಲಿತವರಿಗೆ ಗೊತ್ತು, ಕೊಳದಲ್ಲಿ ಈಜುವಾಗ ನಮ್ಮನ್ನು ಕಾಯುವುದು ನಮ್ಮ ಈಜಲ್ಲ, ಗೋಡೆ. ಇಪ್ಪತ್ತೈದು ಮೀಟರ್‌ಗೊಮ್ಮೆ ಅದು ಸಿಗುತ್ತದೆ. ಕೈ ಇಡುತ್ತೇವೆ, ಉಸಿರು ಎಳೆದುಕೊಳ್ಳುತ್ತೇವೆ, ಯಾರೂ ನೋಡದಿದ್ದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಕೆಳಗೆ ತಳ ಕಾಣುತ್ತದೆ, ತಳದಲ್ಲಿ ಗೆರೆ ಕಾಣುತ್ತದೆ.

ಕೆರೆಯಲ್ಲಿ ಇದು ಯಾವುದೂ ಇಲ್ಲ. ಮುಖ ಮುಳುಗಿಸಿದರೆ ಕಾಣುವುದು ಹಸಿರು ಬಣ್ಣ, ಅಷ್ಟೇ. ಚಾಚಿದ ನನ್ನದೇ ಕೈ ಮೊಣಕೈಯಿಂದಾಚೆ ಮಬ್ಬು. ದಾರಿ ತಿಳಿಯಲು ನಾಲ್ಕಾರು ಸಲ ಕೈ ಬೀಸಿದ ಮೇಲೆ ಕಣ್ಣನ್ನು ಮಾತ್ರ ನೀರಿನಿಂದ ಮೇಲೆ ಎತ್ತಿ, ದೂರದಲ್ಲಿ ತೇಲುವ ಕಿತ್ತಳೆ ಬಣ್ಣದ ದೊಡ್ಡ ಬಲೂನನ್ನು ಹುಡುಕಬೇಕು. ತಲೆ ಪೂರ್ತಿ ಎತ್ತಿದರೆ ಸೊಂಟ ಕೆಳಗಿಳಿಯುತ್ತದೆ, ಕಾಲು ಮುಳುಗುತ್ತದೆ, ಶ್ರಮ ಎರಡರಷ್ಟಾಗುತ್ತದೆ. ನೋಡದೆ ಹೋದರೆ ಸೊಟ್ಟಗೆ ಹೋಗಿ 750ರ ಜಾಗದಲ್ಲಿ 900 ಮೀಟರ್ ಈಜುವುದೇ ಸೈ.

ಜೊತೆಗೆ ತಣ್ಣನೆಯ ನೀರು. ಎದೆಗೆ ತಾಕಿದ ಕ್ಷಣ ಬಾಯಿ ತಾನಾಗಿ ತೆರೆದು ಉಸಿರು ಒಳಕ್ಕೆ ಸೆಳೆದುಕೊಳ್ಳುತ್ತದೆ. ಆಮೇಲೆ ಏದುಸಿರು ಶುರು. ಇದು ಧೈರ್ಯ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಅಲ್ಲ, ಚರ್ಮ ಒಮ್ಮೆಲೇ ತಣ್ಣಗಾದಾಗ ಮೈ ತಾನೇ ಹೀಗೆ ಮಾಡುತ್ತದೆ. ಒಂದೆರಡು ನಿಮಿಷದಲ್ಲಿ ತಗ್ಗುತ್ತದೆ. ಗೊತ್ತಿಲ್ಲದವರು ಆ ಒಂದೆರಡು ನಿಮಿಷದಲ್ಲೇ ಗಾಬರಿ ಬಿದ್ದು ಜೋರಾಗಿ ಕೈ ಬಡಿಯುತ್ತಾರೆ. ಹಾಗಾಗಿ ನಮ್ಮ ಕೋಚ್ ಹೇಳಿಕೊಟ್ಟ ಪಾಠದಲ್ಲಿ ಈಜಿಗಿಂತ ಇದೇ ಜಾಸ್ತಿ ಇತ್ತು. ಪಂದ್ಯಕ್ಕೆ ಮುಂಚೆ ನೀರಿಗೆ ಇಳಿ. ಕುತ್ತಿಗೆಯವರೆಗೆ ನಿಲ್ಲು. ಮುಖ ಅದ್ದಿ ಗುಳುಗುಳು ಎಂದು ಗಾಳಿ ಬಿಡು. ಉಸಿರು ಹಿಡಿತಕ್ಕೆ ಬಂದ ಮೇಲೆ ದಡಕ್ಕೆ ಬಾ, ಆಮೇಲೆ ಸಾಲಿನಲ್ಲಿ ನಿಲ್ಲು. ನಾನು ಅಕ್ಷರಶಃ ಹಾಗೇ ಮಾಡಿದೆ.

ಸಾಲು ಅಂದೆ. ವಯಸ್ಸಿಗೆ ತಕ್ಕಂತೆ ಗುಂಪು ಮಾಡಿ, ಗುಂಪಿಗೊಂದು ಬಣ್ಣದ ಟೋಪಿ ಕೊಟ್ಟು, ಒಂದೊಂದಾಗಿ ನೀರಿಗೆ ಬಿಡುತ್ತಾರೆ. ನಮ್ಮದು ನೇರಳೆ ಟೋಪಿ. ಹಾರ್ನ್ ಕೂಗಿತು. ಮುಂದಿದ್ದವರು ನುಗ್ಗಿದರು. ನಾನು ಹಿಂದೆ, ಅಂಚಿನಲ್ಲಿ. ಆದರೂ ಮೊದಲ ಬಲೂನು ತಿರುಗುವ ಜಾಗದಲ್ಲಿ ಎಲ್ಲರೂ ಒಂದೇ ಕಡೆ ಒತ್ತಿಕೊಂಡರು. ಯಾರದೋ ಹಿಮ್ಮಡಿ ನನ್ನ ಗಾಗಲ್ಸ್‌ಗೆ ತಾಗಿ ಎಡಗಣ್ಣಿಗೆ ನೀರು ನುಗ್ಗಿತು. ಯಾರದೋ ಕೈ ನನ್ನ ಬೆನ್ನ ಮೇಲೆ. ಇಲ್ಲಿ ಭಯ ಆಯಿತು, ಸುಳ್ಳು ಯಾಕೆ ಹೇಳಲಿ. ಬೆನ್ನ ಮೇಲೆ ಮಲಗಿಬಿಟ್ಟೆ. ಆಕಾಶ ನೋಡುತ್ತಾ ಗಾಗಲ್ಸ್ ಸರಿಮಾಡಿಕೊಂಡೆ, ನಾಲ್ಕು ಉಸಿರು ತೆಗೆದುಕೊಂಡೆ. ದೋಣಿಯಲ್ಲಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು ಹೆಬ್ಬೆರಳು ಎತ್ತಿ ತೋರಿಸಿದಳು. ನಾನೂ ತೋರಿಸಿದೆ.

ಬಹಳ ಜನರಿಗೆ ಗೊತ್ತಿಲ್ಲದ ಮಾತು ಇದು. ನಿಯಮದ ಪ್ರಕಾರ ಹೇಗೆ ಬೇಕಾದರೂ ಈಜಬಹುದು. ಫ್ರೀಸ್ಟೈಲೇ ಆಗಬೇಕಿಲ್ಲ, ಕಪ್ಪೆ ಈಜೂ ನಡೆಯುತ್ತದೆ, ಅಂಗಾತ ತೇಲಬಹುದು. ಕಾವಲಿನವರ ದೋಣಿ ಹಿಡಿದು ಸುಧಾರಿಸಿಕೊಳ್ಳಲೂ ಬಹುದು. ದೋಣಿ ನಿಮ್ಮನ್ನು ಮುಂದಕ್ಕೆ ಎಳೆಯಬಾರದು, ಅಷ್ಟೇ. ಕೆರೆಗೆ ಗೋಡೆ ಇಲ್ಲ ಎಂದು ತಿಂಗಳುಗಟ್ಟಲೆ ಹೆದರಿದ ನನಗೆ, ಗೋಡೆ ತೇಲುತ್ತಾ ನನ್ನ ಹತ್ತಿರವೇ ಬರುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಒಂದಷ್ಟು ನಿದ್ದೆ ಉಳಿಯುತ್ತಿತ್ತು.

ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಟ್ರಯತ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವು ಮತ್ತು ಹೃದಯಸ್ತಂಭನಗಳನ್ನು ವೈದ್ಯರು ಒಟ್ಟು ಹಾಕಿ ನೋಡಿದ್ದಾರೆ. ಸಿಕ್ಕ 135 ಪ್ರಕರಣಗಳಲ್ಲಿ 90 ನೀರಿನಲ್ಲಿ ಆದದ್ದು. ಹೆಚ್ಚಿನವರು ಗಂಡಸರು, ಸರಾಸರಿ ವಯಸ್ಸು 47ರ ಹತ್ತಿರ. ಮೂರು ದಶಕದಲ್ಲಿ ಭಾಗವಹಿಸಿದ ಲಕ್ಷಾಂತರ ಜನರ ಮುಂದೆ ಇದು ಸಣ್ಣ ಸಂಖ್ಯೆಯೇ. ಆದರೆ ನಮ್ಮ ಸಂಘದ ಕ್ರಿಕೆಟ್ ತಂಡದ ವಯಸ್ಸು ನೋಡಿದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಹೆಸರು ಕೊಡುವ ಮೊದಲು ಡಾಕ್ಟರ ಹತ್ತಿರ ಎದೆ ತೋರಿಸಿಕೊಳ್ಳಿ. ಇದನ್ನು ಮಾತ್ರ ತಮಾಷೆಗೆ ಹೇಳುತ್ತಿಲ್ಲ.

ನೀರಿನಿಂದ ಎದ್ದು ನಿಂತಾಗ ತಲೆ ಗಿರ್ರೆಂದಿತು. ಅಷ್ಟು ಹೊತ್ತು ಅಡ್ಡಡ್ಡ ಇದ್ದ ಮೈ ಒಮ್ಮೆಲೇ ನೆಟ್ಟಗಾದರೆ ರಕ್ತ ಕಾಲಿಗೆ ಇಳಿಯುತ್ತದಂತೆ. ಎರಡು ಹೆಜ್ಜೆ ನಡೆದು, ಆಮೇಲೆ ಓಡಬೇಕು. ಸೈಕಲ್ ನಿಲ್ಲಿಸಿದ ಜಾಗಕ್ಕೆ ಟ್ರಾನ್ಸಿಶನ್ ಅನ್ನುತ್ತಾರೆ. ಗಡಿಯಾರ ಅಲ್ಲೂ ನಿಲ್ಲುವುದಿಲ್ಲ. ಚಳಿ ತಡೆಯಲು ನೀರಲ್ಲಿ ಹಾಕಿಕೊಳ್ಳುವ ಬಿಗಿ ರಬ್ಬರ್ ಉಡುಪು, ವೆಟ್‌ಸೂಟ್, ಸೊಂಟದವರೆಗೆ ಸುಲಭವಾಗಿ ಬಂತು, ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿತು. ಒಂದು ಕಾಲಲ್ಲಿ ಕುಂಟುತ್ತಾ, ಇನ್ನೊಂದು ಕಾಲಿನಿಂದ ಅದನ್ನು ತುಳಿಯುತ್ತಾ, ಪಕ್ಕದವರ ಸೈಕಲ್ ಮೇಲೆ ಬೀಳದಂತೆ ನೋಡಿಕೊಳ್ಳುತ್ತಾ ಕಳೆದ ಹೊತ್ತು ಫಲಿತಾಂಶದ ಪಟ್ಟಿಯಲ್ಲಿ ಬೇರೆ ಕಾಲಂನಲ್ಲಿ ಅಚ್ಚಾಗಿದೆ. ಆಸಕ್ತರು ಹುಡುಕಿಕೊಳ್ಳಬಹುದು. ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಹೆಲ್ಮೆಟ್ ತಲೆಗೆ ಹಾಕಿ, ಗದ್ದದ ಕೆಳಗೆ ಬಕಲ್ ಬಿಗಿದ ಮೇಲೆಯೇ ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆಯಬೇಕು. ವಾಪಸ್ ಬಂದಾಗ ಸೈಕಲ್ ನೇತು ಹಾಕುವವರೆಗೂ ಬಕಲ್ ಬಿಚ್ಚುವ ಹಾಗಿಲ್ಲ. ಮರೆತರೆ ದಂಡ.

ಸೈಕಲ್ ಬಗ್ಗೆ ಹೇಳುವುದು ಕಡಿಮೆ. ಎಲ್ಲರಿಗೂ ಬರುತ್ತದೆ, ಎಲ್ಲರೂ ತುಳಿಯುತ್ತಾರೆ. ಒಲಿಂಪಿಕ್ಸ್‌ನವರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಗಾಳಿ ತಪ್ಪಿಸಿಕೊಂಡು ಹೋಗಬಹುದು. ನಮ್ಮಂಥ ಹವ್ಯಾಸಿಗಳ ಪಂದ್ಯದಲ್ಲಿ ಸಾಮಾನ್ಯವಾಗಿ ಅದು ನಡೆಯದು. ನಮ್ಮ ಪಂದ್ಯದಲ್ಲಿ ಮುಂದಿನವರಿಂದ ಹತ್ತು ಮೀಟರ್ ದೂರ ಇರಬೇಕಿತ್ತು. ಆ ಗೆರೆಯೊಳಗೆ ಹೋದರೆ 20 ಸೆಕೆಂಡಿನಲ್ಲಿ ಹಿಂದೆ ಹಾಕಿ ಮುಂದೆ ಸಾಗಬೇಕು. ಪಂದ್ಯದ ಬೆಳಿಗ್ಗೆ ಪ್ರತಿಯೊಬ್ಬರ ಮೀನಖಂಡದ ಮೇಲೆ ಮಾರ್ಕರ್ ಪೆನ್ನಿನಿಂದ ವಯಸ್ಸು ಬರೆದಿದ್ದರು. ಅದೂ ಇವತ್ತಿನದಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟಾಗುತ್ತದೋ ಅದು. ಬೆಟ್ಟದ ಏರಿನಲ್ಲಿ ನನ್ನನ್ನು ಸರಾಗವಾಗಿ ದಾಟಿ ಹೋದ ಒಂದು ಜೊತೆ ಕಾಲಿನ ಮೇಲೆ 71 ಎಂದಿತ್ತು. ತೆಳ್ಳಗಿನ ಅಜ್ಜಿ. ಬುಟ್ಟಿ ಬಿಚ್ಚಿ ಇಟ್ಟ ಗುರುತು ಇನ್ನೂ ಇದ್ದ ಹಳೇ ಸೈಕಲ್. "ಚೆನ್ನಾಗಿ ಹೋಗ್ತಿದೀಯಾ" ಎಂದು ಬೆನ್ನು ತಟ್ಟುವ ದನಿಯಲ್ಲಿ ಹೇಳಿ ಮಾಯವಾದರು. ಆ 71 ಬಹಳ ಹೊತ್ತು ಕಣ್ಣ ಮುಂದೆ ಇತ್ತು. ಆಮೇಲೆ ಅದೂ ಕಾಣಲಿಲ್ಲ.

ಈ ಆಟದ ಸುತ್ತ ಸಾಮಾನು ಮಾರುವವರು ಬಹಳ. ಹಗುರದ ಚಕ್ರ, ಗಾಳಿ ಸೀಳುವ ಹೆಲ್ಮೆಟ್, ಕಟ್ಟದೇ ಎಳೆಯುವ ಲೇಸು. ಲೇಸು ಒಂದನ್ನು ಒಪ್ಪುತ್ತೇನೆ, ಒದ್ದೆ ಬೆರಳಲ್ಲಿ ಗಂಟು ಹಾಕುವುದು ಕಷ್ಟ. ಉಳಿದದ್ದು ಮೊದಲ ಪಂದ್ಯಕ್ಕೆ ಬೇಕಾಗಿಲ್ಲ. ಬ್ರೇಕ್ ಹಿಡಿಯುವ ಸೈಕಲ್, ಹ್ಯಾಂಡಲ್‌ನ ತುದಿಗಳಿಗೆ ಮುಚ್ಚಳ, ಬಿರುಕಿಲ್ಲದ ಹೆಲ್ಮೆಟ್ ಇದ್ದರೆ ಒಳಗೆ ಬಿಡುತ್ತಾರೆ. ವೆಟ್‌ಸೂಟ್ ಬಾಡಿಗೆಗೆ ಸಿಗುತ್ತದೆ. ನೀರು ಬೆಚ್ಚಗಿದ್ದರೆ ಅದೂ ಬೇಡ. ಅಂತರರಾಷ್ಟ್ರೀಯ ನಿಯಮದಲ್ಲಿ ಇಷ್ಟು ದೂರದ ಈಜಿಗೆ ನೀರು 22 ಡಿಗ್ರಿ ದಾಟಿದರೆ ಹಾಕುವಂತೆಯೇ ಇಲ್ಲ.

ಆಮೇಲೆ ಓಟ. 5 ಕಿಲೋಮೀಟರ್ ಓಡುವುದು ನನಗೆ ಹೊಸದಲ್ಲ. ಆದರೆ ಸೈಕಲ್ ಇಳಿದ ತಕ್ಷಣ ಓಡುವುದು ಬೇರೆಯೇ ಕೆಲಸ. ಮೊದಲ ಕಿಲೋಮೀಟರ್ ಪೂರ್ತಿ ಬಾಡಿಗೆಗೆ ತಂದ ಕಾಲಿನಲ್ಲಿ ಓಡಿದ ಹಾಗಿತ್ತು. ಅಷ್ಟು ಹೊತ್ತು ಕೂತು, ಬಗ್ಗಿ, ಗುಂಡಗೆ ತುಳಿದ ಸ್ನಾಯುಗಳಿಗೆ ಈಗ ಮೈಯ ಭಾರ ಹೊರು ಅಂದರೆ ಅವು ಒಪ್ಪುವುದಿಲ್ಲ. ಹೆಜ್ಜೆ ಗಿಡ್ಡವಾಗುತ್ತದೆ, ತೊಡೆ ಮೇಲೇಳುವುದಿಲ್ಲ. ಇದಕ್ಕೆ ಇರುವ ಮದ್ದು ಅಭ್ಯಾಸ ಮಾತ್ರ. ವಾರಕ್ಕೊಮ್ಮೆ ಸೈಕಲ್ ತುಳಿದು ಮನೆಗೆ ಬಂದವರು ಸೋಫಾ ಕಡೆ ನೋಡದೆ, ಶೂ ಬದಲಿಸಿ ಹತ್ತು ನಿಮಿಷ ಓಡಿ ಬರಬೇಕು. ಬ್ರಿಕ್ ಅನ್ನುತ್ತಾರೆ ಇದಕ್ಕೆ. ಪಕ್ಕದ ಮನೆಯವರು ಮೊದಲೆರಡು ವಾರ ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಮೂರನೇ ಕಿಲೋಮೀಟರ್ ಹೊತ್ತಿಗೆ ಕಾಲು ನನ್ನದಾಯಿತು. ಅಲ್ಲಿ ನನಗೆ ಅರ್ಥವಾದದ್ದು, ನೀರಿನಲ್ಲಿ ಬೆನ್ನ ಮೇಲೆ ಮಲಗಿದ ಆ ಅರ್ಧ ನಿಮಿಷ ನಷ್ಟವಾಗಿರಲಿಲ್ಲ ಅನ್ನುವುದು. ಮೊದಲ ಬಲೂನಿನ ಹತ್ತಿರ ಕೈಕಾಲು ಬಡಿದು ನುಗ್ಗಿದ ನಮ್ಮ ನೇರಳೆ ಗುಂಪಿನ ಕೆಲವರು ಈಗ ದಾರಿಬದಿಯಲ್ಲಿ ನಡೆಯುತ್ತಿದ್ದರು. ಚಿಕ್ಕ ಪಂದ್ಯವಾದ್ದರಿಂದ ಶುರುವಿನಿಂದಲೇ ಜೋರು ಹೋಗಬೇಕು ಅನ್ನಿಸುತ್ತದೆ. ಮೇಲಿನ ಹತ್ತು ಸ್ಥಾನಕ್ಕೆ ಓಡುವವರಿಗೆ ಅದು ಸರಿಯೇ. ನಮ್ಮಂಥವರು ನೀರಿನಲ್ಲಿ ಒಂದು ನಿಮಿಷ ಉಳಿಸಲು ಹೋಗಿ ಓಟದಲ್ಲಿ ಐದು ಕಳೆಯುತ್ತೇವೆ.

ಮುಗಿಸಿದೆ. ನನ್ನ ಐದು ವರ್ಷದ ವಯೋಗುಂಪಿನಲ್ಲಿ ಕೊನೆಯವರಿಗಿಂತ ಸ್ವಲ್ಪ ಮೇಲೆ. 71ರ ಅಜ್ಜಿ ಆಗಲೇ ಬಟ್ಟೆ ಬದಲಿಸಿ ಯಾರಿಗೋ ಚಪ್ಪಾಳೆ ತಟ್ಟುತ್ತಾ ನಿಂತಿದ್ದರು.

ಇಷ್ಟೆಲ್ಲ ಬರೆದದ್ದಕ್ಕೆ ಕಾರಣ ಇದೆ. ಇಂಥ ಅನೇಕ ಪಂದ್ಯಗಳಲ್ಲಿ ರಿಲೇ ಇರುತ್ತದೆ. ಮೂರು ಜನರ ತಂಡ. ಒಬ್ಬರು ಈಜಿ ಬಂದು, ಕಾಲಿಗೆ ಕಟ್ಟಿದ ಟೈಮಿಂಗ್ ಚಿಪ್ಪನ್ನು ಬಿಚ್ಚಿ ಸೈಕಲ್‌ನವರಿಗೆ ಕೊಡುತ್ತಾರೆ, ಅವರು ಓಡುವವರಿಗೆ. ಬರುವ ವರ್ಷ ಸಂಘದ ಹೆಸರಲ್ಲಿ ತಂಡ ಕಳಿಸೋಣ ಎಂದು ಕಾರ್ಯಕಾರಿ ಸಮಿತಿಯಲ್ಲಿ ಮಾತಾಯಿತು. ಎರಡು ತಂಡಕ್ಕೆ ಆಗುವಷ್ಟು ಉತ್ಸಾಹ ಅಲ್ಲೇ ಕಂಡಿತು. ಸೈಕಲ್‌ಗೆ ನಾಲ್ಕು ಜನ ಕೈ ಎತ್ತಿದರು, ಓಟಕ್ಕೆ ಮೂವರು. ಈಜು ಅಂದಾಗ ಎಲ್ಲರೂ ಫೋನ್ ನೋಡಿಕೊಂಡರು. ಇಪ್ಪತ್ತೈದು ಮೀಟರ್ ಕೊಳದ ಉದ್ದವನ್ನು ಮೂವತ್ತು ಸಲ ನಿಲ್ಲದೆ ಈಜುವವರು ಯಾರಾದರೂ ಇದ್ದರೆ, ಅಥವಾ ಈಗಿನಿಂದ ಕಲಿಯುತ್ತೇನೆ ಅನ್ನುವವರಿದ್ದರೆ, ನನಗೆ ಒಂದು ಸಾಲು ಬರೆಯಿರಿ. ಕೆರೆಗೆ ಮೊದಲ ಸಲ ಇಳಿಯುವಾಗ ಜೊತೆಗೆ ನಾನು ಬರುತ್ತೇನೆ. ಅಧ್ಯಕ್ಷರು ಬೇಲಿಯಾಚೆ ಟವೆಲ್ ಹಿಡಿದು ನಿಲ್ಲುವುದಾಗಿ ಆಗಲೇ ಮಾತು ಕೊಟ್ಟಿದ್ದಾರೆ.