ಸಾಲಿನಲ್ಲಿ ನಿಂತಿದ್ದ ಅಕ್ಕಾರಿಗೆ

ಬೆಳಗಾವಿಯ ಕಚೇರಿಯೊಂದರ ಕೌಂಟರ್ ಮುಂದೆ ನಮ್ಮ ಹಿಂದೆ ನಿಂತಿದ್ದ ಸಮಾಜಕಾರ್ಯ ಉಪನ್ಯಾಸಕಿ ಅಕ್ಕಾರಿಗೆ ಈ ನಾಲ್ಕು ಸಾಲು. ಹೆಸರು ಹೇಳಲಿಲ್ಲ, ಜನಾಂಗ, ಲಿಂಗ ಸಮಾನತೆಯ ಪಾಠ ಮಾಡ್ತೀನಿ ಅಂದರು, ಅಷ್ಟೇ.

ನಮ್ಮ ಜತೆಗಿದ್ದ, ಖಾನಾಪುರ ತಾಲ್ಲೂಕಿನ ಸಿದ್ದಿ ಬುಡಕಟ್ಟಿನ ಹೆಣ್ಣುಮಗಳೊಬ್ಬಳ ನರ್ಸಿಂಗ್ ಸೀಟಿಗೆ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಬೇಕಿತ್ತು. 'ಸಿದ್ದಿಗಳು ಉತ್ತರ ಕನ್ನಡದಾಗಷ್ಟ ಎಸ್‌ಟಿ' ಎಂದು ಅರ್ಜಿ ವಾಪಸ್ ತಳ್ಳಿದರು. ಅದು 2003ರ ತಿದ್ದುಪಡಿಯ ಮಾತು. 2020ರ ತಿದ್ದುಪಡಿಯಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳೂ ಸೇರಿವೆ.

ಅಕ್ಕಾರು ದನಿ ಏರಿಸಲಿಲ್ಲ. ಮೊಬೈಲಿನಲ್ಲಿ ರಾಜಪತ್ರದ ಪುಟ ತೆಗೆದು, ಆ ಸಾಲಿನ ಕೆಳಗೆ ಬೆರಳಿಟ್ಟು ಗುಮಾಸ್ತರಿಗೆ ತೋರಿಸಿದರು. 'ಆಗೂದಿಲ್ಲ ಅಂದ್ರ ಹಿಂಬರಹ ಬರದು ಕೊಡ್ರಿ' ಎಂದರು. ಬಾಯಿಮಾತಿನ ನಿರಾಕರಣೆ ಹಿಡಿದುಕೊಂಡು ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕುವುದು ಕಷ್ಟ. ಹಿಂಬರಹ, ಅಂದರೆ ಕಚೇರಿ ಬರೆದುಕೊಡುವ ಉತ್ತರ, ಕೈಯಲ್ಲಿದ್ದರೆ ದಾರಿ ಸಲೀಸು. ಬರೆದುಕೊಡಿ ಅಂದಕೂಡಲೇ ಅರ್ಧ ಕೆಲಸ ಆದಂತೆ ಅನ್ನಿ!

ಇನ್ನೊಂದು ತೊಡಕಿತ್ತು. ಆಧಾರಿನಲ್ಲಿ ಗಂಡನ ಹೆಸರು, ಶಾಲೆಯ ಟಿ.ಸಿ.ಯಲ್ಲಿ ತಂದೆಯದು. ಮದುವೆಯಾದರೂ ಜಾತಿ ತವರಿನದೇ. ಹಾಗಾಗಿ ತಂದೆಯ ಹೆಸರಿನಲ್ಲೇ ಅರ್ಜಿ ಮತ್ತೆ ಬರೆಸಿ, ಟಿ.ಸಿ., ಅಣ್ಣನ ಜಾತಿ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ ಜೋಡಿಸಿದರು. ಜತೆಗೆ ಬಂದಿದ್ದ ಅಣ್ಣ ಬಾಯಿ ಹಾಕಿದಾಗಲೆಲ್ಲ 'ತಡೀರಿ ಅಣ್ಣಾರ, ಆಕಿ ಹೇಳ್ಲಿ' ಎನ್ನುತ್ತಿದ್ದರು. ಆಕೆ ಬರೆಯುವಷ್ಟು ಹೊತ್ತು ತಮ್ಮ ಫೈಲನ್ನೇ ಅಡಿಗೆ ಹಿಡಿದು ನಿಂತರು, ತಮ್ಮ ಸರದಿ ಹೋದದ್ದು ಬೇರೆ. ಸಕಾಲದ ರಸೀದಿ ಬಂದೊಡನೆ ಅರ್ಜಿ ಎಲ್ಲಿಗೆ ಬಂತೆಂದು ನೋಡಲು ಬೇಕಾಗುವ 15 ಅಂಕಿಯ ಜಿ.ಎಸ್.ಸಿ. ಸಂಖ್ಯೆಯ ಫೋಟೊ ತೆಗೆಸಿಯೇ ಬಿಟ್ಟರು.

ಪ್ರಮಾಣಪತ್ರ ಕೈಸೇರೇತ್ರಿ ಅಕ್ಕಾರ. ಸೀಟೂ ಆತು. ಭಾಳ ಉಪಕಾರ ಆತ್ರಿ.