ಹೊಸ ಗ್ಯಾಜೆಟ್ ಬರಲಿ, ಬಿಚ್ಚಿ ರಿಪೇರಿ ಮಾಡುವಂತಿರಲಿ

ಸಂಪಾದಕರಿಗೆ ನಮಸ್ಕಾರ.

ಮಡಚುವ ಫೋನು, ಹಾಕಿಕೊಂಡರೆ ಫೋಟೊ ತೆಗೆಯುವ ಕನ್ನಡಕ, ನಿದ್ದೆ-ನಾಡಿ ಎಲ್ಲ ಲೆಕ್ಕ ಇಡುವ ಉಂಗುರ. ಈಗ ಎಲ್ಲಿ ನೋಡಿದರೂ ಇವುಗಳದ್ದೇ ಸುದ್ದಿ. ನನಗೂ ಇವು ಇಷ್ಟ, ಬರಲಿ ಅನ್ನುವವನೇ ನಾನು. ಆದರೆ ಇವು ಕೆಟ್ಟರೆ ಏನು ಮಾಡಬೇಕು ಅಂತ ಯಾರೂ ಬರೆಯೋದಿಲ್ಲ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಚಾರ್ಜ್ ಎಷ್ಟು ನಿಮಿಷಕ್ಕೆ ಆಗುತ್ತೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಎರಡು ವರ್ಷ ಕಳೆದ ಮೇಲೆ ಬ್ಯಾಟರಿ ಸೋತಾಗ ಅದನ್ನು ಬದಲಾಯಿಸೋಕೆ ಆಗುತ್ತಾ, ಆಗೋದಾದರೆ ಎಲ್ಲಿ, ಎಷ್ಟಕ್ಕೆ? ಕೊಳ್ಳುವವನಿಗೆ ಬೇಕಾದ್ದು ಇದೇ ಅಲ್ವಾ?

ನನ್ನ ಇಯರ್‌ಬಡ್ಸ್ ವಿಷಯ ಹೇಳುತ್ತೇನೆ. ಎಡಗಡೆಯದ್ದು ಚಾರ್ಜ್ ನಿಲ್ಲುತ್ತಿರಲಿಲ್ಲ. ಸರ್ವಿಸ್ ಸೆಂಟರ್‌ಗೆ ಹೋದರೆ "ಸರ್, ಇದನ್ನು ಬಿಚ್ಚೋಕೆ ಬರಲ್ಲ, ಹೊಸದೇ ತಗೊಳ್ಳಿ" ಅಂದರು. ಕಡಲೆಕಾಳಿನಷ್ಟು ಬ್ಯಾಟರಿ ಸತ್ತಿದೆ ಅಂತ ಚೆನ್ನಾಗಿರುವ ಸ್ಪೀಕರ್, ಮೈಕ್, ಚಿಪ್ ಎಲ್ಲ ಕಸಕ್ಕೆ ಹೋಗಬೇಕು. ನಾಳೆ ಬರುವ ಕನ್ನಡಕ, ಉಂಗುರಗಳಿಗೂ ಇದೇ ಗತಿ, ಅವು ಇನ್ನೂ ಸಣ್ಣವು.

ಹಿಂದೆ ಹೀಗಿರಲಿಲ್ಲ. 2003ರಲ್ಲಿ ಬಂದ ನೋಕಿಯಾ 1100, ಅದೇ ಟಾರ್ಚ್ ಇದ್ದ ಫೋನು, ಎಷ್ಟೋ ಮನೆಗಳ ಮೊದಲ ಮೊಬೈಲು. ಹಿಂದಿನ ಮುಚ್ಚಳ ಸರಿಸಿ ಬಿಎಲ್-5ಸಿ ಬ್ಯಾಟರಿಯನ್ನು ಯಾರು ಬೇಕಾದರೂ ತೆಗೆದು ಹಾಕಬಹುದಿತ್ತು. ಅದರಿಂದ ಎಂಥ ಅನುಕೂಲ ಇತ್ತು ಅಂತ 2007ರಲ್ಲಿ ಗೊತ್ತಾಯಿತು. ಮತ್ಸುಶಿಟಾ ಕಂಪನಿ ಮಾಡಿಕೊಟ್ಟಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದು ಅಂತ ನೋಕಿಯಾ ಎಚ್ಚರಿಸಿತು. ಜನ ಬ್ಯಾಟರಿ ತೆಗೆದು ಅದರ ಮೇಲಿದ್ದ ನಂಬರ್ ನೋಡಿದರು. ತಮ್ಮದೂ ಆ ಪಟ್ಟಿಯಲ್ಲಿದ್ದರೆ ಬ್ಯಾಟರಿ ಮಾತ್ರ ಬದಲಾಯಿಸಿಕೊಂಡರೆ ಸಾಕಿತ್ತು, ಫೋನು ಕೈಯಲ್ಲೇ ಉಳಿಯುತ್ತಿತ್ತು. ಅದೇ 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳತೊಡಗಿದಾಗ ಏನಾಯಿತು ನೋಡಿ. ಬ್ಯಾಟರಿ ಒಳಗೇ ಅಂಟಿಕೊಂಡಿತ್ತು. ಹಾಗಾಗಿ ಮೊದಲ ಸಲವೇ ಸುಮಾರು 25 ಲಕ್ಷ ಫೋನುಗಳನ್ನು ಇಡಿಯಾಗಿ ವಾಪಸ್ ಕರೆಸಬೇಕಾಯಿತು. ಬದಲಿಗೆ ಕೊಟ್ಟ ಫೋನುಗಳೂ ಹೊತ್ತಿಕೊಂಡ ಮೇಲೆ ಅಕ್ಟೋಬರ್‌ನಲ್ಲಿ ಆ ಮಾಡೆಲ್ಲನ್ನೇ ನಿಲ್ಲಿಸಿದರು.

ನೀರು ಒಳಗೆ ಹೋಗಬಾರದು, ಫೋನು ತೆಳ್ಳಗಿರಬೇಕು, ಅದಕ್ಕೇ ಹೀಗೆ ಅಂಟಿಸುತ್ತೇವೆ ಅಂತ ಕಂಪನಿಗಳು ಹೇಳುತ್ತವೆ. ಅಂಟಿಸಿದರೆ ಕೆಲಸ ಸುಲಭ ಅನ್ನೋದು ನಿಜ ಇರಬಹುದು, ಆದರೆ ಬೇರೆ ದಾರಿಯೇ ಇಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. 2014ರ ಗ್ಯಾಲಕ್ಸಿ ಎಸ್5 ಫೋನಿಗೆ ಐಪಿ67 ರೇಟಿಂಗ್, ಅಂದರೆ ನೀರು-ಧೂಳು ತಡೆಯುತ್ತೆ ಅನ್ನುವ ಗುರುತು ಇತ್ತು, ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನೂ ಬದಲಾಯಿಸಬಹುದಿತ್ತು. ಅದೇ ಕಂಪನಿಯೇ ಮಾಡಿ ತೋರಿಸಿತ್ತು.

ಈಗಿನ ಫೋನಿನ ಬ್ಯಾಟರಿ ಹಾಕುವುದನ್ನು ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ನಿಂತು ನೋಡಿದ್ದೇನೆ. ಹುಡುಗ ಮೊದಲು ಫೋನನ್ನು ಬಿಸಿ ಪ್ಯಾಡ್ ಮೇಲಿಟ್ಟು ಗಮ್ ಸಡಿಲ ಮಾಡಿದ. ರಬ್ಬರ್ ಕಪ್ ಒತ್ತಿ ಎಳೆದು, ಎದ್ದ ಸಂದಿಯಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ತೂರಿಸಿ ಸುತ್ತ ಬಿಡಿಸುತ್ತಾ ಬಂದ. ಸ್ವಲ್ಪ ಜಾಸ್ತಿ ಒಳಗೆ ಹೋದರೂ ಕೇಬಲ್ ಕಟ್ಟಾಗಿ ಡಿಸ್‌ಪ್ಲೇ ಹೋಗುತ್ತೆ ಅಂದ. ಬ್ಯಾಟರಿ ಕೆಳಗೂ ಗಮ್ಮೇ. ಅದನ್ನು ಮೀಟಿ ಎಬ್ಬಿಸುವಾಗ ಬಗ್ಗಿದರೆ ಹೊಗೆ ಬರುವ ಭಯ. ಇಷ್ಟು ಕೌಶಲ ಇರುವ ಹುಡುಗನ ಕೈಗೆ ಸಿಗೋದು ಮಾತ್ರ ಬೆಂಗಳೂರಿನ ಎಸ್.ಪಿ. ರೋಡಿಂದ ತರಿಸಿದ ಕಾಪಿ ಬ್ಯಾಟರಿ. ಕಂಪನಿಯ ಪಾರ್ಟ್ ನಮಗೆಲ್ಲಿ ಕೊಡ್ತಾರೆ ಸರ್, ಅಂದ.

ಬಿಚ್ಚೋಕೆ ಬಂದರಷ್ಟೇ ಸಾಲದು, ಸಾಫ್ಟ್‌ವೇರ್ ಕೂಡ ಬದುಕಿರಬೇಕು. ಹ್ಯೂಮೇನ್ ಅನ್ನುವ ಅಮೆರಿಕದ ಕಂಪನಿ 2024ರ ಏಪ್ರಿಲ್‌ನಲ್ಲಿ ಎಐ ಪಿನ್ ಬಿಟ್ಟಿತ್ತು. ಅಂಗಿಗೆ ಸಿಕ್ಕಿಸಿಕೊಂಡು ಮಾತಾಡುವ ಯಂತ್ರ, ಇನ್ಮೇಲೆ ಫೋನೇ ಬೇಡ ಅನ್ನುವಂಥ ಪ್ರಚಾರ. ಬೆಲೆ 699 ಡಾಲರ್, ಮೇಲೆ ತಿಂಗಳ ಚಂದಾ ಬೇರೆ. ಕಂಪನಿಯ ಆಸ್ತಿಯನ್ನು ಎಚ್‌ಪಿ ಕೊಂಡುಕೊಂಡಿತು, 2025ರ ಫೆಬ್ರುವರಿ 28ಕ್ಕೆ ಸರ್ವರ್, ಅಂದರೆ ಇಂಟರ್ನೆಟ್ ಮೂಲಕ ಪಿನ್ನನ್ನು ನಡೆಸುತ್ತಿದ್ದ ಕಂಪನಿಯ ಕಂಪ್ಯೂಟರ್, ಬಂದ್ ಆಯಿತು. ಒಂದು ವರ್ಷವೂ ತುಂಬಿರಲಿಲ್ಲ. ಕೊಂಡವರ ಪಿನ್ನಿನಲ್ಲಿ ಯಾವ ಭಾಗವೂ ಕೆಟ್ಟಿರಲಿಲ್ಲ, ಆದರೂ ಅದು ಕೆಲಸಕ್ಕೆ ಬಾರದ ವಸ್ತುವಾಯಿತು. ಮುಂದೆ ಬರುವ ಎಐ ಗ್ಯಾಜೆಟ್‌ಗಳು ಬಹುಪಾಲು ಹೀಗೇ ಕಂಪನಿಯ ಸರ್ವರ್ ನಂಬಿಕೊಂಡೇ ನಡೆಯುವಂಥವು. ನನಗೆ ಜಾಸ್ತಿ ಆತಂಕ ಇರೋದು ಇಲ್ಲೇ.

ಯುರೋಪಿನವರು ಎಚ್ಚೆತ್ತಿದ್ದಾರೆ. 2025ರ ಜೂನ್ 20ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ನಿಯಮ ಬಂದಿದೆ. ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80% ಶಕ್ತಿ ಉಳಿದಿರಬೇಕು, ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, ರಿಪೇರಿ ಎಷ್ಟು ಸುಲಭ ಅನ್ನೋದು ಲೇಬಲ್‌ನಲ್ಲೇ ಇರಬೇಕು. 2027ರ ಫೆಬ್ರುವರಿ 18ರಿಂದ, ಒಂದಿಷ್ಟು ವಿನಾಯಿತಿ ಬಿಟ್ಟರೆ, ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬದಲಾಯಿಸುವಂತಿರಬೇಕು. ನಮ್ಮಲ್ಲೂ ಏನೂ ಆಗಿಲ್ಲ ಅಂತಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರೈಟ್ ಟು ರಿಪೇರಿ ಪೋರ್ಟಲ್ ಶುರುಮಾಡಿತು. ಫೋನು ಮತ್ತು ಗೃಹೋಪಯೋಗಿ ಸಾಧನಗಳಿಗೆ, ರಿಪೇರಿ ಎಷ್ಟು ಸುಲಭ ಅಂತ ಹೇಳುವ ಅಂಕ ಕೊಡಬೇಕು ಅಂತ ಆ ಇಲಾಖೆಯ ಸಮಿತಿ 2025ರ ಮೇನಲ್ಲಿ ವರದಿಯನ್ನೂ ಕೊಟ್ಟಿತು. ಆದರೆ ಆ ವರದಿ ಪ್ರಕಾರ ಅಂಕವನ್ನು ಕಂಪನಿಗಳೇ ಕೊಟ್ಟುಕೊಳ್ಳಬೇಕು. ತನ್ನ ಫೋನಿಗೆ ಯಾವ ಕಂಪನಿ ತಾನೇ ಕಡಿಮೆ ಅಂಕ ಕೊಡುತ್ತೆ? ಅಂಕ ಕಡ್ಡಾಯ ಆಗಬೇಕು, ಹೊರಗಿನವರು ಪರೀಕ್ಷಿಸಿ ಕೊಡಬೇಕು, ಮತ್ತು ಇಯರ್‌ಬಡ್ಸ್, ವಾಚು, ಉಂಗುರ ಯಾವುದನ್ನೂ ಬಿಡಬಾರದು.

ನಿಮ್ಮಲ್ಲೂ ಒಂದು ವಿನಂತಿ. ಹೊಸ ಗ್ಯಾಜೆಟ್ ಬಗ್ಗೆ ಬರೆಯುವಾಗ ಕೊನೆಯಲ್ಲಿ ನಾಲ್ಕು ಸಾಲು ಸೇರಿಸಿ: ಬ್ಯಾಟರಿ ಬದಲಾಯಿಸಬಹುದಾ, ಖರ್ಚೆಷ್ಟು, ಅಪ್‌ಡೇಟ್ ಎಷ್ಟು ವರ್ಷ, ಕಂಪನಿಯ ಸರ್ವರ್ ಇಲ್ಲದಿದ್ದರೆ ಅದು ನಡೆಯುತ್ತಾ. ಉತ್ತರ ಸಿಗದಿದ್ದರೆ ಕಂಪನಿ ಹೇಳಲಿಲ್ಲ ಅಂತಲೇ ಬರೆಯಿರಿ.

ನಮ್ಮ ರಾಜ್ಯ ಸರ್ಕಾರವೂ ಇಲ್ಲಿ ಸುಮ್ನೆ ಕೂರಬಾರದು. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ಜೋಡಣೆ ಆಗುತ್ತಿದೆ. ಕಾರ್ಖಾನೆಗಳಿಗೆ ಜಾಗ, ರಿಯಾಯಿತಿ ಕೊಡುವಾಗಲೇ ಒಂದು ಷರತ್ತು ಹಾಕಲಿ: ಇಲ್ಲಿ ತಯಾರಾಗುವ ಫೋನಿನ ಅಸಲಿ ಬ್ಯಾಟರಿ, ಡಿಸ್‌ಪ್ಲೇ ನಮ್ಮ ತಾಲ್ಲೂಕಿನ ರಿಪೇರಿ ಅಂಗಡಿಗೂ ನ್ಯಾಯವಾದ ಬೆಲೆಗೆ ವಾರದೊಳಗೆ ಸಿಗಬೇಕು.

– ಒಬ್ಬ ಓದುಗ, ಚಿತ್ರದುರ್ಗ ಜಿಲ್ಲೆ